ತಪಸಿ ಸಸಿ: ನೆಟ್ಟು ಹತ್ತು ವರ್ಷ ದಾಟಿದ ಮೇಲೆ

ತಪಸಿ ಮರಕ್ಕೆ ಐದಕ್ಕೆ ನಾಲ್ಕು ಅಂಕ. ಮಾರಿದ ನರ್ಸರಿಯ ಮಾತಿಗೆ ಒಂದು ಕೊಟ್ಟರೂ ಜಾಸ್ತಿ.

ಮಂಡ್ಯದ ಹತ್ತಿರ ನಮ್ಮ ಜಮೀನಿನ ಬದುವಿಗೆ ನೆರಳಿನ ಮರ ಬೇಕಿತ್ತು. 'ವರ್ಷಪೂರ್ತಿ ನೆರಳು ಸಾರ್' ಅಂತ ಹೇಳಿ ತಪಸಿ ಕೊಟ್ಟರು. ಶುದ್ಧ ಸುಳ್ಳು. ಇದು ಎಲೆ ಉದುರಿಸುವ ಮರ, ಸಂಕ್ರಾಂತಿ ಹೊತ್ತಿಗೆ ಬೋಳಾಗುತ್ತದೆ. ಆ ಬೋಳು ಕೊಂಬೆಗಳ ಮೇಲೇ ಹೂವು. ನೋಡಿದರೆ ಹೂವು ಅಂತ ಯಾರೂ ಅನ್ನುವುದಿಲ್ಲ, ಅಷ್ಟು ಸಣ್ಣದು. ಆದರೆ ಯುಗಾದಿ ಕಳೆದು ಬಿಸಿಲು ಏರುವಷ್ಟರಲ್ಲಿ ಹೊಸ ಎಲೆ ತುಂಬಿಕೊಳ್ಳುತ್ತದೆ. ಬೇಕಾದಾಗ ನೆರಳಿದ್ದರೆ ಸಾಕಲ್ವಾ?

ಆರೈಕೆ ಕಡಿಮೆ. ಗುಂಡಿಗೆ ಕೊಟ್ಟಿಗೆ ಗೊಬ್ಬರ, ಮೊದಲೆರಡು ಬೇಸಿಗೆ ನೀರು, ಸುತ್ತ ಮುಳ್ಳುಬೇಲಿ. ಎಲೆ ಉಜ್ಜಿದರೆ ಕೆಟ್ಟ ವಾಸನೆ, ಆದರೂ ಮೇಕೆ ಬಿಡುವುದಿಲ್ಲ. ಆಮೇಲೆ ನಾಲೆಗೆ ನೀರು ಬಿಡದ ವರ್ಷವೂ ಮರ ಒಣಗಲಿಲ್ಲ.

ತಲೆನೋವೆಲ್ಲ ಬೀಜದ್ದು. ನಾಣ್ಯದಷ್ಟಗಲದ ತೆಳು ಬಿಲ್ಲೆ. ನಡುವೆ ಬೀಜ, ಸುತ್ತ ಕಾಗದದಂಥ ರೆಕ್ಕೆ, ತುದಿಯಲ್ಲಿ ಸಣ್ಣದೊಂದು ಕಚ್ಚು. ಏಪ್ರಿಲ್, ಮೇ ಗಾಳಿಗೆ ರಾಶಿ ರಾಶಿ ಹಾರಿ ಬಂದು ಪಂಪ್‌ಮನೆಯ ಶೀಟು, ನೀರಿನ ತೊಟ್ಟಿ, ಹೆಂಚಿನ ಸಂದಿ ಎಲ್ಲಾ ತುಂಬುತ್ತದೆ. ಮಳೆ ಬಿದ್ದ ಮೇಲೆ ಎಲ್ಲೆಂದರಲ್ಲಿ ಮೊಳಕೆ. ಬೆರಳುದ್ದ ಇರುವಾಗಲೇ ಬೇರು ಸಮೇತ ಕಿತ್ತುಬಿಡಿ. ಬಲಿತ ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಕ್ಕಳಿಗೆ ಮಾತ್ರ ಖುಷಿ, ರೆಕ್ಕೆ ಸುಲಿದು ಒಳಗಿನ ತಿರುಳು ತಿನ್ನುತ್ತಾರೆ.

ಅಸ್ತಮಾ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಇದರ ಪರಾಗ ಗಾಳಿಯಲ್ಲಿ ಹರಡುತ್ತದೆ, ಅಲರ್ಜಿಗೆ ಹೆಸರಾದದ್ದು. ನಮ್ಮ ಅತ್ತಿಗೆ ಫೆಬ್ರವರಿಯಲ್ಲಿ ಜಮೀನಿನ ಕಡೆ ತಲೆ ಹಾಕುವುದಿಲ್ಲ.

ಮೈಸೂರಿನ ನೆಂಟರೊಬ್ಬರು 30x40 ಸೈಟಿನ ಮನೆ ಮುಂದೆ ಹಾಕಲಾ ಅಂತ ಕೇಳಿದರು. ಬೇಡವೇ ಬೇಡ ಅಂದೆ. 60 ಅಡಿ ಸಲೀಸಾಗಿ ದಾಟುವ ಮರ. ಕರೆಂಟ್ ತಂತಿಗೆ ತಾಗುತ್ತದೆ ಅಂತ ವರ್ಷ ವರ್ಷ ಕೊಂಬೆ ಕಡಿಸುತ್ತಾ ಇರಬೇಕು, ಸುಮ್ನೆ ರಗಳೆ. ಬದುವಿನಲ್ಲೂ ಅಷ್ಟೇ, ಪಕ್ಕದ ಕಬ್ಬಿನ ಸಾಲು ಸೊರಗುತ್ತದೆ. ಮರ ಮಾರಿ ದುಡ್ಡು ಮಾಡೋಣ ಅನ್ನುವವರಿಗೂ ಇದಲ್ಲ. ಪೆಟ್ಟಿಗೆ, ಆಟಿಕೆಗೆ ಆಗುತ್ತದೆ, ತೇಗದ ಬೆಲೆ ಸಿಗುವುದಿಲ್ಲ.

ದನ ಕಟ್ಟುವ ಜಾಗ, ಕಣದ ಅಂಚು, ಊರ ಹೊರಗಿನ ಖಾಲಿ ಜಾಗ ಇದ್ದರೆ ಧೈರ್ಯವಾಗಿ ತಗೊಳ್ಳಿ. ಸಸಿ ಆರಿಸುವಾಗ ಎತ್ತರ ನೋಡಬೇಡಿ, ಕವರಿನ ತಳ ನೋಡಿ. ಬೇರು ಸುತ್ತಿಕೊಂಡು ಹೊರಗೆ ಬಂದಿದ್ದರೆ ಬೇರೆ ಕೇಳಿ.