ಲಿಫ್ಟ್ ಪಕ್ಕದ ಕೆಂಪು ಸಿಲಿಂಡರಿನ ಮುಳ್ಳು ಎಲ್ಲಿದೆ, ನೋಡಿದ್ದೀರಾ?

ಕಳೆದ ದೀಪಾವಳಿಯ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡಿತು. ಅಮ್ಮ ಕಜ್ಜಾಯ ಕರಿಯಲು ಎಣ್ಣೆ ಇಟ್ಟು, ಬೆಲ್ ಆಯಿತೆಂದು ಬಾಗಿಲಿಗೆ ಹೋಗಿದ್ದರು. ಬರುವಷ್ಟರಲ್ಲಿ ಬಾಣಲೆ ಧಗಧಗ ಉರಿಯುತ್ತಿತ್ತು.

ನನಗೆ ಅಷ್ಟೇನೂ ಗಾಬರಿ ಆಗಲಿಲ್ಲ. ಹೊರಗೆ ಲಿಫ್ಟ್ ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇದೆಯಲ್ಲ ಅನ್ನುವ ಧೈರ್ಯ. ಓಡಿ ಹೋಗಿ ತಂದೆ. ಪಿನ್ ಬರಲೇ ಇಲ್ಲ. ಮಕ್ಕಳು ಎಳೆಯದಿರಲಿ ಎಂದು ಯಾರೋ ತಂತಿ ಸುತ್ತಿ ಬಿಗಿದಿದ್ದರು. ಕಿತ್ತು ತೆಗೆದು ಹಿಡಿ ಒತ್ತಿದರೆ ಒಂದು ಹಿಡಿಯಷ್ಟು ಪುಡಿ ಉದುರಿತು, ಅಷ್ಟೇ. ಆಮೇಲೆ ನೋಡಿದೆ: ಒಳಗಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿತ್ತು. ಚೀಟಿಯಲ್ಲಿ ಕೊನೆಯ ರೀಫಿಲ್ 2018. ಮೂರು ವರ್ಷದಿಂದ ದಿನಾ ಅದರ ಮುಂದೆಯೇ ಲಿಫ್ಟಿಗೆ ಕಾಯುತ್ತಿದ್ದೇನೆ. ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ.

ಅಷ್ಟರಲ್ಲಿ ಅಣ್ಣ ಒಂದು ಚೊಂಬು ನೀರು ಎರಚಿಬಿಟ್ಟ. ಉರಿ ಚಾವಣಿ ಮುಟ್ಟಿತು. ದಯವಿಟ್ಟು ಉರಿಯುವ ಎಣ್ಣೆಗೆ ನೀರು ಹಾಕಬೇಡಿ. ನೀರು ಎಣ್ಣೆಯ ಅಡಿಗೆ ಇಳಿದು ಆ ಕಾವಿಗೆ ತಕ್ಷಣ ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಸುಮಾರು 1700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಅಣ್ಣನ ಮುಂಗೈ ಸುಟ್ಟುಹೋಯಿತು.

ಎದುರು ಮನೆಯವರು ಬಂದು ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ದೊಡ್ಡ ತಟ್ಟೆಯೊಂದನ್ನು ಬದಿಯಿಂದ ಸರಿಸಿ ಬಾಣಲೆ ಮುಚ್ಚಿದರು. ಬೆಂಕಿ ಆರಿತು. ನಾನು ತಟ್ಟೆ ಎತ್ತಲು ಹೋದಾಗ ತಡೆದರು. ಎಣ್ಣೆ ಪೂರ್ತಿ ತಣ್ಣಗಾಗುವ ಮೊದಲು ಗಾಳಿ ತಾಗಿದರೆ ಮತ್ತೆ ಹೊತ್ತಿಕೊಳ್ಳುತ್ತದಂತೆ.

ಆಮೇಲೆ ರೀಫಿಲ್ ಮಾಡಲು ಬಂದವರು ಬಳಸುವ ರೀತಿ ತೋರಿಸಿದರು. ಪಿನ್ ಎಳೆಯಬೇಕು. ಜ್ವಾಲೆಯ ತುದಿಗಲ್ಲ, ಬೆಂಕಿಯ ಬುಡಕ್ಕೆ ಗುರಿ ಇಡಬೇಕು. ಹಿಡಿ ಒತ್ತಿ ಆ ಕಡೆ ಈ ಕಡೆ ಆಡಿಸಬೇಕು. ನಮ್ಮ ಬೆನ್ನು ಬಾಗಿಲ ಕಡೆಗೇ ಇರಬೇಕು. 6 ಕೆ.ಜಿ.ಯ ಸಿಲಿಂಡರ್ ಕೂಡ ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ, ಹಾಗಾಗಿ ಸುಮ್ನೆ ಗಾಳಿಗೆ ಬಿಡುವ ಹಾಗಿಲ್ಲ. ಬಾಣಲೆಗೆ ತೀರಾ ಹತ್ತಿರದಿಂದ ಬಿಟ್ಟರೆ ಎಣ್ಣೆ ಚೆಲ್ಲುತ್ತದೆ, ದೂರ ನಿಲ್ಲಬೇಕು. ಸ್ವಲ್ಪವೇ ಬಳಸಿದರೂ ಮತ್ತೆ ತುಂಬಿಸಲೇಬೇಕು. ವಾಲ್ವಿನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಸೋರಿಹೋಗುತ್ತದೆ. ನಮ್ಮದಕ್ಕೂ ಹಾಗೇ ಆಗಿತ್ತೋ ಏನೋ.

ಬೆಂಕಿ ಬಾಣಲೆ ದಾಟಿ ಕಪಾಟಿಗೆ ಹಿಡಿದರೆ ಮಾತ್ರ ಹೋರಾಡಲು ನಿಲ್ಲಬೇಡಿ. ಎಲ್ಲರನ್ನೂ ಕರೆದುಕೊಂಡು, ಬಾಗಿಲು ಎಳೆದುಕೊಂಡು, ಮೆಟ್ಟಿಲಿಳಿದು ಹೊರಗೆ ಬನ್ನಿ. 101 ಅಥವಾ 112ಕ್ಕೆ ಫೋನ್ ಮಾಡಿ.

ಮರುದಿನ ನಮ್ಮ ಕಟ್ಟಡದ 12 ಸಿಲಿಂಡರ್‌ಗಳನ್ನೂ ನೋಡಿಕೊಂಡು ಬಂದೆ. ಅವುಗಳಲ್ಲಿ 7 ಸಿಲಿಂಡರ್‌ಗಳ ಮುಳ್ಳು ಕೆಂಪಿನಲ್ಲಿತ್ತು. ನಿಮ್ಮ ಮಹಡಿಯದ್ದನ್ನು ಇವತ್ತೇ ಒಮ್ಮೆ ನೋಡಿ ಬನ್ನಿ.