ಹಿಟ್ಲರ್ ಮತ್ತು ಗುಲಾಬಿ ಮೊಲ: ಹೈಸ್ಕೂಲ್ ಮಕ್ಕಳ ಜೊತೆ ಕೂತು ಓದಬೇಕಾದ ಕಾದಂಬರಿ

ಮನೆಯಲ್ಲಿ ಹನ್ನೆರಡು ದಾಟಿದ ಮಕ್ಕಳಿದ್ದರೆ ಈ ಪುಸ್ತಕ ಕೊಂಡುಕೊಳ್ಳಿ. ಜೂಡಿತ್ ಕೆರ್ ಬರೆದ ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್ಯಾಬಿಟ್’. ಇಂಗ್ಲಿಷ್ ಕಾದಂಬರಿ, 1971ರಲ್ಲಿ ಬಂದದ್ದು. ಆದರೆ ಮಗುವಿನ ಕೈಗೆ ಪುಸ್ತಕ ಕೊಟ್ಟು ನೀವು ಎದ್ದು ಹೋಗಬೇಡಿ. ಪಕ್ಕದಲ್ಲೇ ಕೂತು ಓದಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ನಾನು ಬಾಗಲಕೋಟೆ ತಾಲ್ಲೂಕಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ನವನಗರದಲ್ಲಿ. ಅಣ್ಣನ ಮಗಳು ನಮ್ಮಲ್ಲೇ ಇದ್ದು ಒಂಬತ್ತನೇ ಕ್ಲಾಸು ಓದುತ್ತಾಳೆ. ಅವಳಿಗೆ ಹಿಟ್ಲರ್ ಅಂದರೆ ಪರೀಕ್ಷೆಗೆ ಬರಬಹುದಾದ ಒಂದು ಪ್ರಶ್ನೆ, ಅಷ್ಟೇ. ರಾತ್ರಿ ಊಟ ಮುಗಿಸಿ ಇಬ್ಬರೂ ಓದೋಕೆ ಕೂರುತ್ತಿದ್ದೆವು. ನಾನು ಇಂಗ್ಲಿಷಿನಲ್ಲಿ ಓದುವುದು, ಅವಳು ಅದನ್ನು ಕನ್ನಡದಲ್ಲಿ ಅವ್ವನಿಗೆ ಹೇಳುವುದು. ಅವ್ವ ಅಕ್ಕಿ ಆರಿಸುತ್ತಾ ಕೇಳುವುದು. ಪುಸ್ತಕ ಹೀಗೆ ಮೂವರದ್ದೂ ಆಯಿತು.

ಕತೆ ಲೇಖಕಿಯ ಸ್ವಂತ ಮನೆಯದು. ಹೆಸರು ಬದಲಾಯಿಸಿ ಕಾದಂಬರಿ ಮಾಡಿದ್ದಾರೆ. ಜೂಡಿತ್ ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನಲ್ಲಿ. ಅಪ್ಪ ಆಲ್ಫ್ರೆಡ್ ಕೆರ್ ಆ ಕಾಲದ ದೊಡ್ಡ ನಾಟಕ ವಿಮರ್ಶಕ. ಯಹೂದಿ. ನಾಜಿಗಳ ವಿರುದ್ಧ ಹೆದರದೆ ಬರೆದವರು. 1933ರ ಜನವರಿ 30ಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ. ಮಾರ್ಚ್ 5ಕ್ಕೆ ಚುನಾವಣೆ. ಮತ ಎಣಿಸುವ ಮೊದಲೇ ಕೆರ್ ಮನೆಮಂದಿ ದೇಶ ಬಿಟ್ಟಾಗಿತ್ತು. ಮೇ 10ರ ರಾತ್ರಿ ಬರ್ಲಿನ್ನಿನಲ್ಲಿ ಪುಸ್ತಕಗಳ ರಾಶಿ ಹಾಕಿ ಸುಟ್ಟರಲ್ಲ, ಆಗ ಇವರು ಬರೆದದ್ದೂ ಬೆಂಕಿಗೆ ಹೋಯಿತು. ಆಗಸ್ಟಿನಲ್ಲಿ ಪೌರತ್ವ ಕಿತ್ತುಕೊಂಡವರ ಮೊದಲ ಪಟ್ಟಿ ಬಂತು, ಅದರಲ್ಲೂ ಇವರ ಹೆಸರು. ಎಷ್ಟೋ ವರ್ಷ ಕಳೆದ ಮೇಲೆ, ಲಂಡನ್ನಿನಲ್ಲಿ, ಜೂಡಿತ್ ಅವರ ಪುಟ್ಟ ಮಗ ಒಂದು ಸಿನಿಮಾ ನೋಡಿದ. ನಾಜಿಗಳಿಂದ ತಪ್ಪಿಸಿಕೊಳ್ಳುವ ಕುಟುಂಬದ್ದು, ಹಾಡು ಜಾಸ್ತಿ ಇರುವ ಸಿನಿಮಾ. ಅಮ್ಮ ಚಿಕ್ಕವಳಿದ್ದಾಗ ಹೇಗಿತ್ತು ಅಂತ ಈಗ ಗೊತ್ತಾಯಿತು ಅಂದನಂತೆ. ಹಾಗಿರಲಿಲ್ಲ ಅಂತ ಮಕ್ಕಳಿಗೆ ತಿಳಿಸಲು ಅವರು ಇದನ್ನು ಬರೆದರು.

ಕಾದಂಬರಿಯಲ್ಲಿ ಹುಡುಗಿಯ ಹೆಸರು ಅನ್ನಾ. ಒಂಬತ್ತು ವರ್ಷ. ಮೊದಲ ಪುಟದಲ್ಲಿ ಗೆಳತಿ ಎಲ್ಸ್‌ಬೆತ್ ಜೊತೆ ಶಾಲೆಯಿಂದ ಮನೆಗೆ ಹೊರಟಿದ್ದಾಳೆ. ಅಂಗಡಿ ಹತ್ತಿರ ಹಿಟ್ಲರನ ಚುನಾವಣೆಯ ಪೋಸ್ಟರ್ ಅಂಟಿಸಿದ್ದಾರೆ. ಇಂಥದ್ದೇ ಪೋಸ್ಟರ್ ನೋಡಿ ಎಲ್ಸ್‌ಬೆತ್‌ಳ ತಂಗಿ ಚಾರ್ಲಿ ಚಾಪ್ಲಿನ್ ಅಂದುಕೊಂಡಿದ್ದಳಂತೆ. ಈತ ಯಹೂದಿಗಳನ್ನು ತಡೆಯುತ್ತಾನಂತೆ ಅಂತ ಎಲ್ಸ್‌ಬೆತ್ ಹೇಳುತ್ತಾಳೆ. ನಾನೂ ಯಹೂದಿ ಅಲ್ವಾ ಅನ್ನುತ್ತಾಳೆ ಅನ್ನಾ. ಎಲ್ಸ್‌ಬೆತ್ ನಂಬುವುದಿಲ್ಲ. ನೀನು ಎಲ್ಲರ ಥರಾನೇ ಇದ್ದೀಯಲ್ಲ ಅನ್ನುವ ಧಾಟಿ ಅವಳದು.

ಇಲ್ಲಿಗೇ ನಮ್ಮ ಹುಡುಗಿ ಓದು ನಿಲ್ಲಿಸಿದಳು. “ಅತ್ತಿ, ಇವರ ಮನ್ಯಾಗ ಪೂಜಿ ಗೀಜಿ ಏನೂ ಮಾಡಂಗಿಲ್ಲ ಅಂತಾರ. ಹಂಗಾದ್ರ ಅಕಿ ಹೆಂಗ ಯಹೂದಿ ಆಗ್ತಾಳ?”

ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಇಲ್ಲ. ನೀವು ಪಕ್ಕದಲ್ಲಿ ಇರಬೇಕು ಅಂದಿದ್ದು ಇದಕ್ಕೇ. ನಾಜಿಗಳು ಯಾರು ಏನು ನಂಬುತ್ತಾರೆ ಅಂತ ಕೇಳಲಿಲ್ಲ. ಅಜ್ಜ ಅಜ್ಜಿಯರನ್ನು ಎಣಿಸಿದರು. 1933ರ ಏಪ್ರಿಲ್ 7ರ ಕಾನೂನಿನ ಪ್ರಕಾರ ಸರಕಾರಿ ನೌಕರಿಯಿಂದ ಕಿತ್ತುಹಾಕೋಕೆ ಒಬ್ಬ ಯಹೂದಿ ಅಜ್ಜಿ ಇದ್ದರೆ ಸಾಕಿತ್ತು. 1935ರ ನ್ಯೂರೆಂಬರ್ಗ್ ಕಾನೂನು ಬಂದಾಗ ಅಜ್ಜ ಅಜ್ಜಿ ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀವೂ ಯಹೂದಿ, ಚರ್ಚಿಗೆ ಹೋದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಮ್ಮ ಅಜ್ಜ ಅಜ್ಜಿಯರ ಹೆಸರು ಹೇಳು ಅಂತ ಅವ್ವನನ್ನು ಕೇಳಿದಳು.

ಅಪ್ಪನಿಗೆ ಜ್ವರ ಬಂದು ಮಲಗಿದ್ದಾಗ ಒಬ್ಬ ಪೊಲೀಸ್ ಫೋನ್ ಮಾಡುತ್ತಾನೆ. ನಿಮ್ಮ ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು ಅಂತ ಗುಟ್ಟಾಗಿ ಎಚ್ಚರಿಸುತ್ತಾನೆ. ಬೆಳಗಾಗುವುದರೊಳಗೆ ಅಪ್ಪ ಗಡಿ ದಾಟಿರುತ್ತಾರೆ. ಹಿಂದಿನಿಂದ ಅಮ್ಮ ಮಕ್ಕಳು ಹೊರಡಬೇಕು, ಯಾರಿಗೂ ಹೇಳುವ ಹಾಗಿಲ್ಲ. ಸಾಮಾನು ಜಾಸ್ತಿ ಒಯ್ಯುವ ಹಾಗಿಲ್ಲ. ಅನ್ನಾ ಒಂದು ಆಟಿಕೆ ಆರಿಸಬೇಕು. ಹಳೇ ಗುಲಾಬಿ ಮೊಲ, ಅಥವಾ ಹೊಸ ಉಣ್ಣೆಯ ನಾಯಿ. ಸ್ವಲ್ಪ ದಿನಕ್ಕೆ ವಾಪಸ್ ಬರುತ್ತೇವಲ್ಲ ಅಂತ ನಾಯಿಯನ್ನು ಇಟ್ಟುಕೊಳ್ಳುತ್ತಾಳೆ. ಮುಂದೆ ನಾಜಿಗಳು ಮನೆಯ ಸಾಮಾನೆಲ್ಲ ಜಪ್ತಿ ಮಾಡುತ್ತಾರೆ. ಹಿಟ್ಲರ್ ತನ್ನ ಮೊಲವನ್ನು ಅಪ್ಪಿಕೊಂಡು ಕೂತಿರೋದನ್ನು ಅವಳು ಕಲ್ಪಿಸಿಕೊಳ್ಳುತ್ತಾಳೆ. ಪುಸ್ತಕದ ಹೆಸರು ಬಂದಿದ್ದು ಹಾಗೆ.

ಅವ್ವ ಮೊರ ಕೆಳಗಿಟ್ಟಳು. “ನಾವು ಬಾಗಲಾ, ಚೌಕಟ್ಟಾ, ಜಂತಿ ಸೈತ ಕಿತ್ಕೊಂಡ ಬಂದೀವಿ. ಆ ಕೂಸಿಗೆ ಎರಡ ಗೊಂಬಿ ತರಾಕ ಆಗ್ಲಿಲ್ಲ?”

ಬಾಗಲಕೋಟೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಾಗ ನಮ್ಮ ಮಂದಿ ಕಟ್ಟಿಗೆಯ ತುಂಡೂ ಬಿಡದೆ ಟ್ರ್ಯಾಕ್ಟರಿಗೆ ಹೇರಿದರು. ನವನಗರದ ಈ ಮನೆಯ ಮುಂಬಾಗಿಲು ಹಳೇ ಊರಿನದೇ. ಅದರ ಎತ್ತರಕ್ಕೆ ಸರಿಯಾಗಿ ಗೋಡೆ ಎಬ್ಬಿಸಿದ್ದು. ಹಾಗಾಗಿ ಅವ್ವನಿಗೆ ಅನ್ನಾಳ ಕಷ್ಟ ತಟ್ಟನೆ ಹತ್ತಿರವಾಯಿತು.

ಆದರೆ ಎರಡೂ ಒಂದೇ ಅಂತ ಹುಡುಗಿ ತಿಳಿದುಕೊಳ್ಳಬಾರದು ಅಂತ ನನಗಿತ್ತು. ನಮಗೆ ನೋಟಿಸ್ ಬಂತು. ಮನೆ ಅಳೆದರು. ಪರಿಹಾರಕ್ಕೆ ವಾದ ಮಾಡಲು ಕೋರ್ಟ್ ಇತ್ತು, ಕಟ್ಟಿಕೊಳ್ಳಲು ಸೈಟ್ ಸಿಕ್ಕಿತು. ಅಕ್ಕಪಕ್ಕದವರೆಲ್ಲ ಕೂಡಿಯೇ ಎದ್ದು ಬಂದೆವು. ನಮ್ಮ ಮನೆ ಮುಳುಗಿಸಿದ್ದು ನೀರು. ನೀವು ಇರಲೇಬಾರದು ಅಂತ ಯಾರೂ ನಮ್ಮನ್ನು ದ್ವೇಷಿಸಲಿಲ್ಲ, ಎದ್ದು ಹೋದ ಮೇಲೆ ಬೆನ್ನು ಹತ್ತಿ ಬರಲಿಲ್ಲ. ಅನ್ನಾಳ ಅಪ್ಪನ ತಲೆಗೆ ಸಾವಿರ ಮಾರ್ಕ್ ಬೆಲೆ ಕಟ್ಟುತ್ತಾರೆ. ಅದರ ಅರ್ಥ ತಿಳಿಯದೆ, ಅಪ್ಪನ ತಲೆ ಮೇಲೆ ನಾಣ್ಯಗಳು ಸುರಿಯುವ ಹಾಗೆ ಆ ಹುಡುಗಿ ಕನವರಿಸುತ್ತಾಳೆ. ನಮ್ಮ ನೋವು ದೊಡ್ಡದೇ. ಆದರೂ ಇದರ ಪಕ್ಕ ಅದನ್ನು ಇಡಲು ನನಗೆ ಮನಸ್ಸು ಬರಲಿಲ್ಲ. ಅವ್ವನಿಗೂ ಹಾಗೇ ಹೇಳಿದೆ. ಅವ್ವ ಒಪ್ಪಿದಳು.

ಇಡೀ ಪುಸ್ತಕದಲ್ಲಿ ನನ್ನನ್ನು ಅಲುಗಾಡಿಸಿದ್ದು ಜೂಲಿಯಸ್ ಮಾಮನ ಪಾತ್ರ. ಇವರು ರಕ್ತಸಂಬಂಧಿ ಅಲ್ಲ, ಅಪ್ಪನ ಗೆಳೆಯ. ಬರ್ಲಿನ್ನಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಂನಲ್ಲಿ ಕೆಲಸ. ಪ್ರಾಣಿ ಅಂದರೆ ಜೀವ. ಒಬ್ಬ ಅಜ್ಜಿ ಮಾತ್ರ ಯಹೂದಿ. ಇದೆಲ್ಲ ಸ್ವಲ್ಪ ದಿನ, ಆಮೇಲೆ ತಣ್ಣಗಾಗುತ್ತದೆ ಅನ್ನುವ ನಂಬಿಕೆ ಅವರದು. ಸ್ವಿಟ್ಜರ್ಲೆಂಡಿಗೆ ಬಂದು ಇವರನ್ನು ಕಂಡು ಮತ್ತೆ ಬರ್ಲಿನ್ನಿಗೇ ಹೋಗುತ್ತಾರೆ. ಮೊದಲು ಕೆಲಸ ಹೋಗುತ್ತದೆ. ಝೂಗೆ ಹೋಗಿ ಪ್ರಾಣಿಗಳ ನಡುವೆ ಹೊತ್ತು ಕಳೆಯುವುದೊಂದೇ ಅವರಿಗೆ ಉಳಿದ ಸುಖ. ಕೊನೆಗೆ ಆ ಪಾಸನ್ನೂ ಕಿತ್ತುಕೊಳ್ಳುತ್ತಾರೆ. ಅವರು ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ. ಲೇಖಕಿ ಇಲ್ಲಿ ದನಿ ಏರಿಸುವುದಿಲ್ಲ, ಹಿಂಸೆಯ ವಿವರವೂ ಇಲ್ಲ. ಆದರೆ ವಿಷಯ ಇದೆ. ಮಕ್ಕಳಿಗೆ ಕೊಡುವ ಅಪ್ಪ ಅಮ್ಮಂದಿರಿಗೆ ಇದು ಮೊದಲೇ ತಿಳಿದಿರಲಿ. ಈ ಅಧ್ಯಾಯದ ದಿನ ನಾವು ಮುಂದೆ ಓದಲಿಲ್ಲ, ಮಾತಾಡುತ್ತಾ ಕೂತೆವು.

ಒಬ್ಬ ಮನುಷ್ಯನಿಗೆ ಝೂ ಒಳಗೆ ಹೋಗಬೇಡ ಅನ್ನುವುದರಿಂದ ಯಾವ ಸರಕಾರಕ್ಕೆ ಏನು ಲಾಭ? ಹುಡುಗಿ ಕೇಳಿದ್ದು ಇದನ್ನೇ. ಯಹೂದಿಗಳನ್ನು ವಿಷಾನಿಲ ಬಿಟ್ಟು ಕೊಂದ ಕೋಣೆಗಳು ಇದ್ದಕ್ಕಿದ್ದಂತೆ ಹುಟ್ಟಲಿಲ್ಲ. ಪಾಸು, ನೌಕರಿ, ಆಟ, ಬೆಂಚು ಅಂತ ಒಂದೊಂದೇ ಕಿತ್ತುಕೊಂಡು ಜನರನ್ನು ಅಭ್ಯಾಸ ಮಾಡಿಸಿದರು. ಸ್ವಿಟ್ಜರ್ಲೆಂಡಿನ ಹೋಟೆಲಿನಲ್ಲಿ ರಜೆಗೆ ಬಂದ ಜರ್ಮನ್ ಹೆಂಗಸೊಬ್ಬಳು, ಯಹೂದಿ ಮಕ್ಕಳ ಜೊತೆ ಆಡಬೇಡಿ ಅಂತ ತನ್ನ ಮಕ್ಕಳಿಗೆ ಹೇಳುತ್ತಾಳೆ. ಅಲ್ಲಿ ಅವಳನ್ನು ಯಾವ ಕಾನೂನೂ ಕೇಳುತ್ತಿರಲಿಲ್ಲ. ಆದರೂ ಹೇಳುತ್ತಾಳೆ. ಹತ್ಯಾಕಾಂಡದ ಬಗ್ಗೆ ಹೇಳುವಾಗ ನಾವು ಸಾಮಾನ್ಯವಾಗಿ ಕೊನೆಯಿಂದ ಶುರು ಮಾಡುತ್ತೇವೆ. 60 ಲಕ್ಷ ಯಹೂದಿಗಳನ್ನು ಕೊಂದರು ಅಂತೀವಿ. ಅಷ್ಟು ದೊಡ್ಡ ಸಂಖ್ಯೆ ಮಗುವಿನ ತಲೆಯಲ್ಲಿ ನಿಲ್ಲುವುದಿಲ್ಲ. ಆಟಕ್ಕೆ ಬರಬೇಡ ಅಂದದ್ದು ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಆ ಮಾತು ಕೇಳಿ ಬೆಳೆದ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ.

ಪ್ಯಾರಿಸ್ಸಿನ ಭಾಗ ಇಂಗ್ಲಿಷ್ ಟೀಚರ್ ಆಗಿ ನನಗೆ ತುಂಬಾ ಇಷ್ಟವಾಯಿತು. ಪುಟ್ಟ ಫ್ಲ್ಯಾಟು, ಕೈಯಲ್ಲಿ ದುಡ್ಡಿಲ್ಲ. ಪಿಯಾನೊ ನುಡಿಸುವ ಅಮ್ಮನಿಗೆ ಅಡುಗೆ ಬರುವುದಿಲ್ಲ, ಬರ್ಲಿನ್ನಿನಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ದೊಡ್ಡ ಹೆಸರಿನ ಅಪ್ಪನ ಬರಹಕ್ಕೆ ಈಗ ಕೊಳ್ಳುವವರೇ ಕಡಿಮೆ. ಅನ್ನಾ ಒಂದಕ್ಷರ ಫ್ರೆಂಚ್ ಗೊತ್ತಿಲ್ಲದೆ ಶಾಲೆಗೆ ಹೋಗುತ್ತಾಳೆ. ತಿಂಗಳುಗಟ್ಟಲೆ ತಲೆಯೊಳಗೆ ಜರ್ಮನ್ನಿನಲ್ಲಿ ಯೋಚಿಸಿ, ಅದನ್ನು ಹೊರಳಿಸಿ, ಸುಸ್ತಾಗಿ ಮನೆಗೆ ಬರುತ್ತಾಳೆ. ಒಂದು ದಿನ ಯೋಚಿಸದೇನೇ ಬಾಯಿಂದ ಫ್ರೆಂಚ್ ಬಂದುಬಿಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದವರು ಈ ಪುಟಗಳನ್ನು ಓದಿದರೆ ಗಂಟಲು ಕಟ್ಟುತ್ತದೆ. ನನಗೂ ಕಟ್ಟಿತು. ನಮ್ಮ ಹುಡುಗಿ ಆ ಪುಟದ ಮೂಲೆ ಮಡಚಿ ಇಟ್ಟಿದ್ದಾಳೆ.

ಇನ್ನು ಪುಸ್ತಕದಲ್ಲಿ ಇಲ್ಲದಿರುವುದು. ಯಹೂದಿಗಳನ್ನು ಕೂಡಿಹಾಕಿ ಕೊಂದ ಕ್ಯಾಂಪ್ ಇಲ್ಲಿ ಇಲ್ಲ, ಅಲ್ಲಿಗೆ ಅವರನ್ನು ಸಾಗಿಸಿದ ರೈಲುಡಬ್ಬಿ ಇಲ್ಲ. ಕುಟುಂಬ ಇಂಗ್ಲೆಂಡಿಗೆ ಬಂದು ಇಳಿಯುವಲ್ಲಿಗೆ ಕತೆ ನಿಲ್ಲುತ್ತದೆ, ಯುದ್ಧ ಇನ್ನೂ ಶುರುವಾಗಿರುವುದಿಲ್ಲ. ಬರೀ ಇದನ್ನೇ ಓದಿದ ಮಗುವಿಗೆ, ಬುದ್ಧಿ ಉಪಯೋಗಿಸಿ ಬೇಗ ಹೊರಟವರೆಲ್ಲ ಬದುಕಿದರು ಅನ್ನಿಸಬಹುದು. ಅದು ಸುಳ್ಳು. ನಾನು ಓದು ಮುಗಿದ ಮೇಲೆ ಎರಡು ವಿಷಯ ಹೇಳಿದೆ. ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಮನೆಯವರೂ 1933ರಲ್ಲೇ ಜರ್ಮನಿ ಬಿಡಲು ಶುರು ಮಾಡಿದ್ದರು, ಆಮ್‌ಸ್ಟರ್‌ಡ್ಯಾಮಿಗೆ ಹೋದರು. 1940ರಲ್ಲಿ ಜರ್ಮನ್ ಸೈನ್ಯ ಅಲ್ಲಿಗೇ ಬಂತು. ಆನ್ 1945ರಲ್ಲಿ ಬರ್ಗನ್-ಬೆಲ್ಸನ್ ಕ್ಯಾಂಪಿನಲ್ಲಿ ತೀರಿಹೋದಳು. ಇನ್ನೊಂದು, ಅನ್ನಾ ಓಡಾಡಿದ ಅದೇ ಪ್ಯಾರಿಸ್ಸಿನದು. 1942ರ ಜುಲೈನಲ್ಲಿ ಎರಡೇ ದಿನದಲ್ಲಿ 13,000ಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದರು. ಹಿಡಿದದ್ದು ಫ್ರೆಂಚ್ ಪೊಲೀಸರೇ. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಅನ್ನಾಳ ಅಪ್ಪ ಬರೆದ ಒಂದು ಸಿನಿಮಾ ಕತೆ ಇಂಗ್ಲೆಂಡಿನಲ್ಲಿ ಮಾರಾಟವಾಗದೆ ಹೋಗಿದ್ದರೆ ಅವರೂ ಪ್ಯಾರಿಸ್ಸಿನಲ್ಲೇ ಉಳಿಯುತ್ತಿದ್ದರೇನೋ. ಇದು ಗೊತ್ತಾದ ಮೇಲೆ ನಮ್ಮ ಹುಡುಗಿ ಕೊನೆಯ ಅಧ್ಯಾಯವನ್ನು ತಾನೇ ಇನ್ನೊಮ್ಮೆ ಓದಿದಳು.

ಕೊರತೆಗಳೂ ಇವೆ. ಸ್ವಿಟ್ಜರ್ಲೆಂಡಿನ ಹಳ್ಳಿಯ ಭಾಗ ಸ್ವಲ್ಪ ಎಳೆದ ಹಾಗಿದೆ, ಅಲ್ಲಿ ಹುಡುಗಿ ಆಕಳಿಸಿದಳು. ಅಪ್ಪನ ಪಾತ್ರದಲ್ಲಿ ಒಂದು ತಪ್ಪೂ ಕಾಣುವುದಿಲ್ಲ, ಮಗಳ ಪ್ರೀತಿ ಅಲ್ಲಿ ಬರಹಗಾರ್ತಿಯನ್ನು ಮೀರಿಸಿದೆ. ಕೊನೆಗೆ ಅನ್ನಾ, ಅಣ್ಣ ಮ್ಯಾಕ್ಸ್ ಇಬ್ಬರೂ ಪರೀಕ್ಷೆಯಲ್ಲಿ ಬಹುಮಾನ ಹೊಡೆಯುವುದು ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಅಮ್ಮನ ಪಾತ್ರ ಮಾತ್ರ ನಿಜವಾದ ಮನುಷ್ಯಳದು. ಸಿಟ್ಟು ಮಾಡುತ್ತಾಳೆ, ಅಳುತ್ತಾಳೆ, ಮತ್ತೆ ಎದ್ದು ಮಾರ್ಕೆಟ್ಟಿಗೆ ಹೋಗುತ್ತಾಳೆ.

ಹೆಸರಿನಲ್ಲಿ ಮೊಲ ಇರುವುದರಿಂದ ಚಿಕ್ಕ ಮಕ್ಕಳ ಪುಸ್ತಕ ಅಂತ ದೊಡ್ಡ ಹುಡುಗರು ಮುಟ್ಟದೇ ಬಿಡಬಹುದು. ಮೊದಲ ಅಧ್ಯಾಯ ನೀವೇ ಓದಿ ಹೇಳಿ, ಆಮೇಲೆ ಅವರೇ ಕೇಳುತ್ತಾರೆ. ಇಂಗ್ಲಿಷ್ ಸುಲಭ. ವಾಕ್ಯ ಚಿಕ್ಕವು, ಮಾತುಕತೆ ಹೆಚ್ಚು. ಜರ್ಮನ್, ಫ್ರೆಂಚ್ ಹೆಸರುಗಳಲ್ಲಿ ನಾಲಿಗೆ ತೊಡರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಳಗಿನ ಗೆರೆ ಚಿತ್ರಗಳನ್ನು ಲೇಖಕಿಯೇ ಬರೆದಿದ್ದಾರೆ, ಚೆನ್ನಾಗಿವೆ. ನಾನು ಆನ್‌ಲೈನಿನಲ್ಲಿ ತರಿಸಿದ್ದು, ಪೇಪರ್‌ಬ್ಯಾಕ್. ಬೈಂಡಿಂಗ್ ಗಟ್ಟಿ ಇದೆ, ಅಕ್ಷರ ಮಾತ್ರ ಇನ್ನೊಂಚೂರು ದಪ್ಪ ಇರಬೇಕಿತ್ತು. ಯುರೋಪಿನ ನಕ್ಷೆ ಒಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬರ್ಲಿನ್, ಜ್ಯೂರಿಕ್, ಪ್ಯಾರಿಸ್, ಲಂಡನ್ ಅಂತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದರೆ ಮಕ್ಕಳಿಗೆ ಕತೆ ಕೈಗೆ ಸಿಗುತ್ತದೆ.

ಏಳನೇ ಕ್ಲಾಸಿಗಿಂತ ಕೆಳಗಿನವರಿಗೆ ಬೇಡ. ಹತ್ತನೇ ಕ್ಲಾಸು ದಾಟಿದವರಿಗೆ ಇದೊಂದೇ ಸಾಲದು, ಬದುಕಿ ಬಂದವರ ನೆನಪುಗಳನ್ನೂ ಓದಿಸಬೇಕು. ನಮ್ಮ ಶಾಲೆಯ ಲೈಬ್ರರಿಗೆ ಎರಡು ಪ್ರತಿ ತರಿಸಿ ಅಂತ ಹೆಡ್‌ಮಾಸ್ಟರ್ ಹತ್ತಿರ ಕೇಳಿದ್ದೇನೆ. ಈ ಕತೆಗೆ ಇನ್ನೂ ಎರಡು ಭಾಗಗಳಿವೆ. ಎರಡನೆಯದರಲ್ಲಿ ಅನ್ನಾ ಬಾಂಬ್ ಬೀಳುವ ಲಂಡನ್ನಿನಲ್ಲಿ ದೊಡ್ಡವಳಾಗುತ್ತಾಳೆ. ಅದನ್ನು ತರಿಸಿ ಆಗಿದೆ, ಈ ಸಲ ಇಂಗ್ಲಿಷಿನಲ್ಲಿ ಓದುವುದು ಅವಳಂತೆ, ಕನ್ನಡದಲ್ಲಿ ಹೇಳುವುದು ನಾನಂತೆ.