ಎಲೆಕ್ಟ್ರಾನಿಕ್ ತಂಬೂರಿ: ಅತ್ತೆ ಕರ್ನಾಟಕ, ಸೊಸೆ ಹಿಂದೂಸ್ತಾನಿ, ಪೆಟ್ಟಿಗೆ ಒಂದೇ

ಮೈಸೂರಿನ ನಮ್ಮ ಮನೆಯಲ್ಲಿ ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸೊಸೆ ಧಾರವಾಡದವಳು, ಹಿಂದೂಸ್ತಾನಿ ಹಾಡುತ್ತಾಳೆ. ಇಬ್ಬರಿಗೂ ಆಗಲಿ ಅಂತ ಮಗ ತಬಲಾ ಠೇಕಾ (ತಾಳ ಹಿಡಿಯುವ ತಬಲಾ ನುಡಿತ) ಕೂಡ ಇರುವ ಎಲೆಕ್ಟ್ರಾನಿಕ್ ತಂಬೂರಿ ತಂದ. 10–12 ಸಾವಿರ ಆಯಿತಂತೆ.

ಜೀವಾಳ (ತಂತಿಯ ಕೆಳಗೆ ಸಿಕ್ಕಿಸುವ ನೂಲು) ಕೂಡಿದ ಮರದ ತಂಬೂರಿಯ ಝೇಂಕಾರ ಇದರಲ್ಲಿ ಇಲ್ಲ, ಬೇಡ ಬಿಡಿ. ಬೆಳಗಿನ ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಶ್ರುತಿಯಲ್ಲೂ ಜಗಳವಿಲ್ಲ: ನಮ್ಮವರು ಐದೂವರೆ ಮನೆ ಅನ್ನುವ ನನ್ನ ಶ್ರುತಿ, ಅವರು ಕಾಳಿ ಚಾರ್ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ) ಅನ್ನುವ ಅವಳ ಶ್ರುತಿ ಎರಡೂ ಒಂದೇ ಜಾಗ.

ಜಗಳ ಇರುವುದು ಮೊದಲನೇ ತಂತಿಯಲ್ಲಿ. ತಂಬೂರಿಯ ಉಳಿದ ತಂತಿಗಳು ಷಡ್ಜ (ಸ) ನುಡಿಯುತ್ತವೆ, ಇದೊಂದರ ಸ್ವರ ಬದಲಿಸಬಹುದು; ಪೆಟ್ಟಿಗೆಯಲ್ಲಿ ಅದಕ್ಕೆ ಗುಂಡಿಗಳಿವೆ. ನನ್ನ ಹಿಂದೋಳ ರಾಗ, ಅವಳ ಮಾಲಕಂಸ್ ರಾಗ ಎರಡಕ್ಕೂ ಅವೇ ಐದು ಸ್ವರ. ಎರಡರಲ್ಲೂ ಪಂಚಮ (ಪ) ಇಲ್ಲ. ಆದರೂ ನಾನು ಪಂಚಮದ ತಂತಿ ಹಾಕಿಕೊಂಡೇ ಹಾಡುತ್ತೇನೆ, ನಮ್ಮಲ್ಲಿ ಹೆಚ್ಚಿನವರ ರೂಢಿ ಅದೇ. ಅವಳಿಗೆ ಅದು ಕಿವಿಗೆ ಚುಚ್ಚುತ್ತದೆ. "ಅತ್ತಿಯವರ, ಆ ಪಂಚಮ ತಗದು ಮಧ್ಯಮ ಹಾಕ್ರಿ" ಅಂತ ಒಳಗಿನಿಂದಲೇ ಕೂಗುತ್ತಾಳೆ. ಮಧ್ಯಮದ ಗುಂಡಿ ನನಗೂ ಬೇಕು, ಆದರೆ ಬೇರೆ ಕೆಲಸಕ್ಕೆ. ಪುನ್ನಾಗವರಾಳಿಯಂಥ ರಾಗಕ್ಕೆ ಆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುತ್ತೇವೆ. ಮಾಲಕಂಸ್‌ನಲ್ಲಿ ಅವಳ ಷಡ್ಜ ಇದ್ದಲ್ಲೇ ಇರುತ್ತದೆ. ಮಾರವಾ ರಾಗ ಹಿಡಿದ ದಿನ ಮೊದಲ ತಂತಿಯನ್ನು ನಿಷಾದಕ್ಕೆ ತಿರುಗಿಸುತ್ತಾಳೆ. ಆ ಗುಂಡಿಯನ್ನು ನಾನು ಮುಟ್ಟಿಯೇ ಇಲ್ಲ.

ತಾಳದ ಭಾಗ ಅವಳದ್ದೇ ಅನ್ನಿ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ಸುತ್ತಿ ಸುತ್ತಿ ಬರುತ್ತಿದ್ದರೆ ಆರಾಮಾಗಿ ಬಡಾ ಖ್ಯಾಲ್ (ನಿಧಾನ ಗತಿಯ ಹಾಡಿಕೆ) ಬೆಳೆಸುತ್ತಾಳೆ. ಅಲ್ಲಿ ಠೇಕಾ ಕೇಳಿದರೇ ತಾಳ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಮಗೆ ತಾಳ ಕೈಯಲ್ಲಿದೆ. ಮೃದಂಗ ಕೃತಿಯ ನಡೆ ನೋಡಿಕೊಂಡು ನುಡಿಯಬೇಕು, ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಆದಿತಾಳ ಹಾಕಿ ನೋಡಿದೆ. ಪಾಠಕ್ಕೆ ಬರುವ ಮಕ್ಕಳು ತೊಡೆ ತಟ್ಟುವುದನ್ನೇ ಬಿಟ್ಟು ಪೆಟ್ಟಿಗೆ ನೋಡುತ್ತ ಕೂತರು. ನಿಲ್ಲಿಸಿಬಿಟ್ಟೆ.

ಶ್ರುತಿ ಸೂಕ್ಷ್ಮವಾಗಿ ಕೂಡಿಸುವ ಗುಂಡಿ ಬಹಳ ಚಿಕ್ಕದು, ನನ್ನ ವಯಸ್ಸಿನವರ ಬೆರಳಿಗೆ ಕಷ್ಟ. ವಾಲ್ಯೂಮ್ ಪೂರ್ತಿ ಏರಿಸಿದರೆ ಸ್ಪೀಕರ್ ಗೊರಗೊರ ಅನ್ನುತ್ತದೆ.

ಕೊಳ್ಳುವವರು ಮೊದಲ ತಂತಿಗೆ ಪ, ಮ, ನಿ ಮೂರೂ ಬರುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿಸಿ ಕೇಳಿ. ಮನೆಯಲ್ಲಿ ಕರ್ನಾಟಕ ಸಂಗೀತ ಮಾತ್ರವಿದ್ದರೆ ತಬಲಾಕ್ಕೆ ದುಡ್ಡು ಹಾಕಬೇಡಿ, ಬರೀ ತಂಬೂರಿ ಇರುವುದೇ ಸಾಕು.